ಹಕಾರ ಬಾರದವಳು ಹೆಬ್ಬಾತು ಕರೆದದ್ದು

ಮೊದಲ ಹನ್ನೊಂದು ದಿನ ನನ್ನ ಪೀಪಿಯಿಂದ ಬಂದದ್ದು ಮೇಕೆಮರಿಯ ಸದ್ದು. ಬೇಲಿಗೆ ಸಿಕ್ಕಿಕೊಂಡು ತಾಯಿಯನ್ನು ಕೂಗುವ ಮೇಕೆಮರಿ. ಹನ್ನೆರಡನೇ ದಿನ ಕಾರಿನಲ್ಲಿ, ಸಿಗ್ನಲ್‌ನಲ್ಲಿ ನಿಂತಿದ್ದಾಗ, ಒಂದೇ ಒಂದು ಸಲ ಬೇರೆ ಏನೋ ಬಂತು. ಕೆಳಗೆ ಒರಟಾಗಿ ಶುರುವಾಗಿ, ಟಕ್ಕಂತ ಮುರಿದು, ಮೇಲಕ್ಕೆ ಹಾರಿದ ಸದ್ದು. ಪಕ್ಕದ ಲೇನಿನ ಪಿಕಪ್ ಟ್ರಕ್ಕಿನವನು ಕಿಟಕಿ ಇಳಿಸಿ ಆಕಾಶ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನಕ್ಕು ಹೆಬ್ಬೆರಳು ಎತ್ತಿದ. ಹಸಿರು ದೀಪ ಬಂದರೂ ನಾನು ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದ ಮೇಲೆಯೇ ಎಚ್ಚರವಾಯಿತು.

ನಾನು ಊದುತ್ತಿದ್ದದ್ದು ಶಾರ್ಟ್ ರೀಡ್ ಗೂಸ್ ಕಾಲ್. ಕೆನಡಾ ಹೆಬ್ಬಾತುಗಳ ದನಿ ತೆಗೆದು ಅವನ್ನು ಹತ್ತಿರ ಕರೆಯುವ ಪೀಪಿ. ಕರೆಯುವುದು ಯಾಕೆ ಅಂದರೆ, ಬೇಟೆಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟೆ ಅಂತ ಆಗಬಾರದು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೆಳೆದವಳು ನಾನು. ಬೇಟೆ ಅಂದರೆ ರಾಜರ ಕಾಲದ ಫೋಟೋ ಅಥವಾ ಪೇಪರಿನ ಕ್ರೈಮ್ ಸುದ್ದಿ, ಅಷ್ಟೇ. ಇಲ್ಲಿ ಅಮೆರಿಕದ ಮಿನೆಸೋಟದಲ್ಲಿ ಅದು ಸೆಪ್ಟೆಂಬರ್ ಬಂದರೆ ಆಫೀಸಿನಲ್ಲಿ ಅರ್ಧ ಜನ ರಜೆ ಹಾಕುವ ವಿಷಯ.

ನಾವಿರುವುದು ರಾಚೆಸ್ಟರ್‌ನಲ್ಲಿ. ಈ ಊರಿಗೂ ಹೆಬ್ಬಾತಿಗೂ ಇರುವ ನಂಟು ಸ್ವಲ್ಪ ಜಾಸ್ತಿಯೇ. ಇಲ್ಲಿನ ಬೇಸ್‌ಬಾಲ್ ತಂಡದ ಹೆಸರೇ ಹಾಂಕರ್ಸ್, ಅಂದರೆ ಹೆಬ್ಬಾತಿನ ಹಾಗೆ ಕೂಗುವವರು. ಊರ ನಡುವೆ ಸಿಲ್ವರ್ ಲೇಕ್ ಅಂತ ಕೆರೆ ಇದೆ. ಕೆನಡಾ ಹೆಬ್ಬಾತುಗಳಲ್ಲೇ ಎಲ್ಲಕ್ಕಿಂತ ದೊಡ್ಡ ಜಾತಿಯೊಂದು ಇತ್ತು, ಅದು ಪೂರ್ತಿ ನಾಶವಾಯಿತು ಅಂತ ಎಲ್ಲರೂ ನಂಬಿದ್ದರು. 1962ರಲ್ಲಿ ಹೆರಾಲ್ಡ್ ಹ್ಯಾನ್ಸನ್ ಎಂಬ ಇಲಿನಾಯ್‌ನ ವಿಜ್ಞಾನಿ ಈ ಕೆರೆಯ ಹಕ್ಕಿಗಳನ್ನು ಹಿಡಿದು ತೂಗಿದರು. ತೂಕ ಎಷ್ಟು ಬಂತೆಂದರೆ ತಕ್ಕಡಿಯೇ ಕೆಟ್ಟಿದೆ ಅಂದುಕೊಂಡರು. ಅಂಗಡಿಯಿಂದ ಹಿಟ್ಟು, ಸಕ್ಕರೆ ಪೊಟ್ಟಣ ತಂದು ತೂಗಿ ನೋಡಿದರು. ತಕ್ಕಡಿ ಸರಿಯಾಗಿತ್ತು. ಕಾಣೆಯಾದ ಹಕ್ಕಿ ಊರ ಮಧ್ಯದ ಕೆರೆಯಲ್ಲೇ ಈಜಾಡಿಕೊಂಡಿತ್ತು! ಈಗ ಅದೇ ಹಕ್ಕಿಗಳು ಪಾರ್ಕಿನ ದಾರಿಯಲ್ಲಿ ಕಾಲಿಡಲು ಜಾಗ ಬಿಡುವುದಿಲ್ಲ.

ಬೇಟೆಯ ಹುಚ್ಚು ಹತ್ತಿದ್ದು ನನಗಲ್ಲ, ನನ್ನ ಮಗನಿಗೆ. ಅವನಿಗೆ ಹನ್ನೆರಡು. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಹಿಂದೆ ಹಸು ಕಟ್ಟಿ ಹಾಲು ಹಾಕುತ್ತಿದ್ದ ರೈತ, ಈಗ ಹೊಲವನ್ನು ಗುತ್ತಿಗೆಗೆ ಕೊಟ್ಟು ಊರೊಳಗೆ ಬಂದಿದ್ದಾರೆ. ಅವರ ಗ್ಯಾರೇಜಿನಲ್ಲಿ ಡಿಕಾಯ್‌ಗಳ, ಅಂದರೆ ಹಕ್ಕಿ ಸೆಳೆಯಲು ಇಡುವ ನಕಲಿ ಬಾತುಗಳ ರಾಶಿ ನೋಡಿ ಇವನು ಅಲ್ಲೇ ಬಿದ್ದಿರುತ್ತಿದ್ದ. ಈ ವಯಸ್ಸಿನ ಮಕ್ಕಳು ಬಂದೂಕು ಹಿಡಿದು ಒಬ್ಬರೇ ಹೋಗುವಂತಿಲ್ಲ, ಅಪ್ಪನೋ ಅಮ್ಮನೋ ಜೊತೆಗಿರಬೇಕು. ಅಪ್ಪ ಬೆಳಗಿನ ನಾಲ್ಕಕ್ಕೆ ಏಳುವ ಪೈಕಿ ಅಲ್ಲ. ಉಳಿದವಳು ನಾನು.

ನಾನೊಂದು ಷರತ್ತು ಹಾಕಿದೆ. ಬರುತ್ತೇನೆ, ಆದರೆ ಬಂದೂಕು ಮುಟ್ಟುವುದಿಲ್ಲ. ಹಾಗಂತ ಪುಕ್ಕಟೆ ಕೂತಿರುವುದೂ ನನಗೆ ಆಗದು. ಅಜ್ಜ ತಮ್ಮ ಮೀನು ಹಿಡಿಯುವ ಪೆಟ್ಟಿಗೆ ಕೆದಕಿ, ಬೆರಳುದ್ದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಹಸಿರು ಪೀಪಿ ಕೈಗಿಟ್ಟರು. "ಹಾಗಾದರೆ ನೀನು ಇದನ್ನು ಊದು." ಗುಂಡು ಹಾರಿಸುವವರು ಅವರು, ನಾನು ಸುಮ್ನೆ ಸಂಗೀತ. ಆವತ್ತು ನಾನು ಲೆಕ್ಕ ಹಾಕಿದ್ದು ಹೀಗೆ.

ಸಾಧನದ ಬಗ್ಗೆ ಸ್ವಲ್ಪ. ಹೊರಗೆ ಎರಡು ಭಾಗ. ಬಾಯಿಗೆ ಇಟ್ಟುಕೊಳ್ಳುವ ಕಡೆ ಬ್ಯಾರೆಲ್, ಕೈಯೊಳಗೆ ಇರುವ ಕಡೆ ಇನ್ಸರ್ಟ್. ಒಳಗಿರುವುದಕ್ಕೆ ಇವರು ಹೇಳುವುದು ಗಟ್ಸ್, ಅಂದರೆ ಕರುಳು. ಗಟ್ಟಿಯಾದ ಟೋನ್ ಬೋರ್ಡ್, ಅದರ ನಡುವೆ ಒಂದು ಸಣ್ಣ ಕಾಲುವೆ, ಮೇಲೆ ಮೈಲಾರ್ ಅನ್ನುವ ಪ್ಲಾಸ್ಟಿಕ್‌ನ ತೆಳು ಪಟ್ಟಿ ರೀಡ್, ಅದನ್ನು ಬಿಗಿಹಿಡಿಯುವ ರಬ್ಬರಿನ ಬೆಣೆ. ಅಷ್ಟೇ. ಹಳೆಯ ಕಾಲದವರು ಊದುತ್ತಿದ್ದದ್ದು ಫ್ಲೂಟ್ ಅನ್ನುವ ಉದ್ದನೆಯ ಕಾಲ್. ಅದರಲ್ಲಿ ತಪ್ಪು ಮಾಡಿದರೂ ಒಂದಿಷ್ಟು ಬಾತಿನ ದನಿ ಬರುತ್ತದೆ. ಶಾರ್ಟ್ ರೀಡ್ ಹಾಗಲ್ಲ. ಕಲಿತರೆ ಒಂದು ಹಿಂಡಿನ ದನಿಯನ್ನೇ ತೆಗೆಯಬಹುದು, ಕಲಿಯುವ ತನಕ ಮೇಕೆ. ಅಕ್ರಿಲಿಕ್‌ನ ಚೆಂದದ ಕಾಲ್‌ಗಳಿಗೆ ನೂರು ಡಾಲರ್ ದಾಟುತ್ತದೆ. ನನ್ನದು ಪಾಲಿಕಾರ್ಬನೇಟ್‌ನದು, ಅಗ್ಗದ್ದು. ಅಜ್ಜನ ಪ್ರಕಾರ ಕಲಿಯುವವರಿಗೆ ಅದೇ ಸರಿ. ದುಬಾರಿ ಕಾಲ್ ಕೊಂಡವರು ಸದ್ದು ಬರದಿದ್ದರೆ ಕಾಲ್‌ನ್ನು ಬೈಯುತ್ತಾರಂತೆ, ಅಗ್ಗದ್ದು ಕೊಂಡವರು ತಮ್ಮನ್ನೇ ಬೈದುಕೊಳ್ಳುತ್ತಾರಂತೆ.

ಸರಿ, ಊದುವುದು. ಎಲ್ಲರೂ ಮೊದಲು ಮಾಡುವ ತಪ್ಪನ್ನೇ ನಾನೂ ಮಾಡಿದೆ. ಕೆನ್ನೆ ಉಬ್ಬಿಸಿ, ಬಲೂನು ಊದುವ ಹಾಗೆ ಊದಿದೆ. ಅದು ಬಾಯಿಯ ಗಾಳಿ. ತಣ್ಣಗಿರುತ್ತದೆ, ತೆಳ್ಳಗಿರುತ್ತದೆ. ರೀಡಿಗೆ ಬೇಕಾದ್ದು ಹೊಟ್ಟೆಯಿಂದ ಬರುವ ಬಿಸಿ ಗಾಳಿ. ಅಜ್ಜ ನನ್ನನ್ನು ಅವರ ಟ್ರಕ್ಕಿನ ಕಿಟಕಿ ಹತ್ತಿರ ನಿಲ್ಲಿಸಿದರು. ಗಾಜಿನ ಮೇಲೆ "ಹಾ" ಅಂದರು, ಮಂಜು ಕಟ್ಟಿತು. ಬೆರಳಿನಲ್ಲಿ ಅದರ ಮೇಲೆ ಒಂದು ಗೆರೆ ಎಳೆದರು. "ಈ ಗಾಳಿ," ಅಂದರು. ನಾನು ಮಾಡಿದೆ. ನನ್ನ ಬಾಯಿಂದ ಹೊರಟದ್ದು "ಆ".

ಇಲ್ಲಿ ನನ್ನ ಹಳೆಯ ಕಥೆ ಹೇಳಲೇಬೇಕು. ನಮ್ಮ ಕಡೆ ಹಾಲು ಆಲು, ಹಾವು ಆವು, ಹಬ್ಬ ಅಬ್ಬ. ಆದರದ ಸ್ವಾಗತ ಕೋರಲು ಹೋಗಿ ಹಕಾರ ಸೇರಿಸಿ ಎಡವಟ್ಟಾದ ಜೋಕು ನಿಮಗೆಲ್ಲ ಗೊತ್ತು, ಅಲ್ವಾ? ಅದನ್ನು ಜೋಕು ಅಂತ ಗೊತ್ತಾಗುವ ಮುಂಚೆ ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ್ದೆ, ಮೈಕಿನಲ್ಲಿ. ಆಮೇಲೆ ಕನ್ನಡ ಮೇಡಮ್ಮು ಮೂರು ತಿಂಗಳು ನನ್ನ ಅಂಗೈಯನ್ನು ನನ್ನದೇ ಬಾಯಿಯ ಮುಂದೆ ಹಿಡಿಸಿ "ಹ" ಹೇಳಿಸಿದರು. ಅಂಗೈಗೆ ಬಿಸಿ ತಾಗಬೇಕು. ತಾಗದಿದ್ದರೆ ಅದು ಅಕಾರ. ಅದು ಕಷ್ಟಪಟ್ಟು ಕಲಿತ ಅಕ್ಷರ. ಮಾತಾಡುವಾಗ ಈಗಲೂ ಗಮನ ತಪ್ಪಿದರೆ ಜಾರುತ್ತದೆ.

ಮೂವತ್ತು ವರ್ಷದ ಮೇಲೆ, ಇನ್ನೊಂದು ದೇಶದಲ್ಲಿ, ಟ್ರಕ್ಕಿನ ಗಾಜಿನ ಮುಂದೆ ಮತ್ತೆ ಅದೇ ಪಾಠ!

ಆದರೆ ಒಂದು ಅನುಕೂಲವೂ ಆಯಿತು. ಇಲ್ಲಿನ ಕಲಿಸುವವರೆಲ್ಲ ಪೀಪಿಯೊಳಗೆ ಮಾತು ಹೇಳಿಸುತ್ತಾರೆ. "ಹೂ-ವಿಟ್" ಅನ್ನಿ, "ಟು-ವಿಟ್" ಅನ್ನಿ. ನನಗೆ ಅದು ಕೂಡಿ ಬರಲಿಲ್ಲ. ಆ 'ವಿ'ಗೆ ನನ್ನ ತುಟಿ ಹಲ್ಲಿನ ಮೇಲೆ ಹೋಗುತ್ತದೆ, ಗಾಳಿ ಕಟ್ಟಾಗುತ್ತದೆ. ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ವರ್ಣಮಾಲೆ ಹೇಳಿಕೊಂಡೆ. ಗ, ಘ. ಗ, ಘ. ಘ ಅಂದಾಗ ಹೊಟ್ಟೆ ಒಳಗಿನಿಂದ ಒಂದು ಗುದ್ದು ಬರುತ್ತದೆ, ಗಮನಿಸಿದ್ದೀರಾ? ಕೈ ಒರೆಸಿಕೊಂಡು ಕಾಲ್ ತೆಗೆದು, "ಘೂ" ಅಂದೆ. ಗುರ್ ಅಂತ ಕೆಳದನಿ ಬಂತು. ಮೇಕೆ ಅಲ್ಲ. ಮೊದಲ ಸಲ ರೀಡ್ ಪೂರ್ತಿ ಅಲುಗಿತ್ತು. ಇದಕ್ಕೆ ಮೋನ್ ಅಂತಾರೆ, ನರಳುವ ದನಿ. ಎಲ್ಲದರ ಬುಡ ಇದೇ. ಬುಡ ಗಟ್ಟಿಯಾಗದೆ ಮೇಲಿನದು ಬರುವುದಿಲ್ಲ.

ಮೇಲಿನದು ಅಂದರೆ ಬ್ರೇಕ್. ಕೆಳದನಿ ಮುರಿದು ಮೇಲುದನಿ ಆಗುವ ಕ್ಷಣ. ಹೆಬ್ಬಾತಿನ "ಹಾಂಕ್" ಅಂದರೆ ಒಂದೇ ದನಿ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಎರಡು. ಕೆಳಗೆ ಶುರುವಾಗಿ ಮುರಿದು ಮೇಲೆ ಹೋಗುತ್ತದೆ. ಹದಿನಾಲ್ಕು ವರ್ಷದ ಹುಡುಗರ ಗಂಟಲು ಒಡೆಯುತ್ತದಲ್ಲ, ಅದನ್ನು ಬೇಕೆಂದಾಗ ಬೇಕೆಂದಲ್ಲಿ ಒಡೆಸಬೇಕು. ಕೆಳದನಿ ಹಿಡಿದು, ಹೊಟ್ಟೆಯಿಂದ ಒತ್ತಡ ಕೊಟ್ಟು, ಅದೇ ಹೊತ್ತಿಗೆ ನಾಲಿಗೆಯನ್ನು ಅಂಗುಳದ ಕಡೆ ಎತ್ತಿ ಗಾಳಿಯ ದಾರಿ ಕಿರಿದು ಮಾಡಬೇಕು. "ಘೂ-ಇಕ್". ತುಟಿಗೆ ಕೆಲಸವೇ ಇಲ್ಲ. ಆ "ಇಕ್" ಸಿಗ್ನಲ್‌ನಲ್ಲಿ ಸಿಕ್ಕಿದ್ದು.

ಒಂದು ಸಲ ಸಿಕ್ಕಿದ್ದು ಮತ್ತೆ ಸಿಗಲು ನಾಲ್ಕು ದಿನ ಬೇಕಾಯಿತು. ಯಾಕೆ ಅಂದರೆ ನಾನು ಕೈ ಮರೆತಿದ್ದೆ. ಕೈ ಈ ವಾದ್ಯದ ಅರ್ಧ ಭಾಗ. ಎಡಗೈಯ ಹೆಬ್ಬೆರಳು, ತೋರುಬೆರಳು ಇನ್ಸರ್ಟಿನ ತುದಿಗೆ ಉಂಗುರದ ಹಾಗೆ ಸುತ್ತುತ್ತವೆ. ಉಳಿದ ಬೆರಳು ಬೊಗಸೆ. ಬಲಗೈ ಅದಕ್ಕೆ ಮುಚ್ಚಳ. ಒಳಗೆ ಒಂದು ಸಣ್ಣ ಕೋಣೆ ಆಗುತ್ತದೆ. ಹೊರಗೆ ಹೋಗಬೇಕಾದ ಗಾಳಿ ಅಲ್ಲಿ ತಡೆದು ವಾಪಸ್ ರೀಡಿನ ಮೇಲೆ ಒತ್ತುತ್ತದೆ. ಬ್ಯಾಕ್ ಪ್ರೆಶರ್. ಬೊಗಸೆ ತೀರಾ ಬಿಗಿಯಾದರೆ ಉಸಿರು ಕಟ್ಟಿದ ಸದ್ದು, ತೀರಾ ತೆರೆದರೆ ಬ್ರೇಕ್ ಆಗುವುದೇ ಇಲ್ಲ. ನನ್ನ ಕೈ ಚಿಕ್ಕದು, ಬೆರಳ ಸಂದಿನಲ್ಲಿ ಗಾಳಿ ಸೋರುತ್ತದೆ. ಸಿಗ್ನಲ್‌ನಲ್ಲಿ ದಪ್ಪ ಉಣ್ಣೆ ಗ್ಲೌಸ್ ಹಾಕಿದ್ದೆ, ಸಂದು ಮುಚ್ಚಿತ್ತು. ಅದು ಹೊಳೆಯಲು ನಾಲ್ಕು ದಿನ. ಈಗ ಬರಿಗೈಯಲ್ಲಿ ಕೂಡ ಬರುತ್ತದೆ, ಆದರೆ ಗ್ಲೌಸ್ ಇದ್ದರೆ ಇನ್ನೂ ಚೆನ್ನ.

ಅಭ್ಯಾಸ ಮಾಡಿದ್ದೆಲ್ಲ ಕಾರಿನಲ್ಲಿ. ಮನೆಯಲ್ಲಿ ಒಂದೇ ದಿನಕ್ಕೆ ನಿಷೇಧ ಬಿತ್ತು. ನನ್ನ ಕೆಲಸ ಲ್ಯಾಬಿನಲ್ಲಿ, ರಾತ್ರಿ ಪಾಳಿ. ಬೆಳಗ್ಗೆ ಏಳಕ್ಕೆ ಪಾರ್ಕಿಂಗ್ ರ‍್ಯಾಂಪಿನ ಐದನೇ ಮಹಡಿಯಲ್ಲಿ ಕಿಟಕಿ ಏರಿಸಿಕೊಂಡು ಹದಿನೈದು ನಿಮಿಷ. ಕಾಂಕ್ರೀಟಿನ ಆ ಗುಹೆಯಲ್ಲಿ ನನ್ನ ದನಿಯೇ ತಿರುಗಿ ನನಗೆ ಕೇಳುತ್ತಿತ್ತು. ಒಂದು ಸಲ ಸೆಕ್ಯುರಿಟಿಯವರು ಬಂದು ಗಾಜು ತಟ್ಟಿದರು. ಹಕ್ಕಿ ಒಳಗೆ ಸಿಕ್ಕಿಕೊಂಡಿದೆ ಅಂತ ಯಾರೋ ದೂರು ಕೊಟ್ಟಿದ್ದರಂತೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು.

ಇನ್ನು ಎಂಜಲಿನ ವಿಷಯ. ಬಿಸಿ ಗಾಳಿ ಊದಿದರೆ ತೇವ ಕಟ್ಟುತ್ತದೆ. ತೇವ ಕಟ್ಟಿದರೆ ರೀಡ್ ಟೋನ್ ಬೋರ್ಡಿಗೆ ಅಂಟಿಕೊಳ್ಳುತ್ತದೆ, ಸದ್ದು ಟಪ್ಪಂತ ನಿಲ್ಲುತ್ತದೆ. ಅದಕ್ಕೆ ಇಲ್ಲಿನವರ ಮದ್ದು ಒಂದು ಡಾಲರ್ ನೋಟು. ರೀಡಿನ ಅಡಿಗೆ ಮೆಲ್ಲಗೆ ತೂರಿಸಿ ಎಳೆಯುವುದು. ಬೇರೆ ಕಾಗದ ಹರಿದು ಚೂರು ಒಳಗೆ ಉಳಿಯುತ್ತದೆ, ನೋಟು ಹರಿಯುವುದಿಲ್ಲ. ನನ್ನ ಪರ್ಸಿನಲ್ಲಿ ಈಗ ಅದಕ್ಕೆಂದೇ ಒಂದು ನೋಟು ಇದೆ, ಅದನ್ನು ಯಾರಿಗೂ ಕೊಡುವಂತಿಲ್ಲ, ಕೊಟ್ಟರೂ ತೆಗೆದುಕೊಳ್ಳುವ ಸ್ಥಿತಿಯಲ್ಲಿಲ್ಲ.

ಏಪ್ರಿಲ್‌ನಲ್ಲಿ ನಾನು ಗಟ್ಸ್ ಬಿಚ್ಚಿದೆ. ತೊಳೆಯೋಣ ಅಂತ. ಬಿಚ್ಚುವ ಮೊದಲು ರೀಡ್ ಎಲ್ಲಿತ್ತು ಅಂತ ಮಾರ್ಕರ್‌ನಲ್ಲಿ ಗೆರೆ ಹಾಕಿಕೊಳ್ಳಬೇಕು ಎಂದು ಅಜ್ಜ ಹೇಳಿದ್ದರು. ಹಾಕಲಿಲ್ಲ. ವಾಪಸ್ ಜೋಡಿಸಿದ ಮೇಲೆ ಪೀಪಿ ಮೂಕ. ರೀಡನ್ನು ಕೂದಲೆಳೆಯಷ್ಟು ಹೊರಗೆ ಎಳೆದರೆ ದನಿ ದಪ್ಪ, ಒಳಗೆ ತಳ್ಳಿದರೆ ಕೀರಲು. ಭಾನುವಾರ ಪೂರ್ತಿ ಅದರಲ್ಲೇ ಹೋಯಿತು. ಸಂಜೆ ಗೊತ್ತಾಯಿತು, ರೀಡನ್ನೇ ಮಗುಚಿ ಹಾಕಿದ್ದೆ.

ಜೂನ್‌ನಲ್ಲಿ ನಾನೂ ಮಗನೂ ಒಂದೇ ಬೆಂಚಿನಲ್ಲಿ ಕೂತು ಬಂದೂಕು ಸುರಕ್ಷತೆಯ ತರಗತಿ ಮುಗಿಸಿದೆವು. 1979ರ ಡಿಸೆಂಬರ್ 31ರ ನಂತರ ಹುಟ್ಟಿದವರು ಆ ಸರ್ಟಿಫಿಕೇಟ್ ಇಲ್ಲದೆ ಇಲ್ಲಿ ಬೇಟೆಯ ಲೈಸೆನ್ಸ್ ಪಡೆಯುವಂತಿಲ್ಲ. ನಾನು ಗುಂಡು ಹಾರಿಸದಿದ್ದರೂ ಹೊಲಕ್ಕೆ ಇಳಿದು ಹಕ್ಕಿ ಕರೆಯುವವಳು, ಕಾಗದಪತ್ರ ಪಕ್ಕಾ ಇರಲಿ ಅಂತ ಎಲ್ಲವನ್ನೂ ಮಾಡಿಸಿದೆ. ಲೈಸೆನ್ಸ್, ರಾಜ್ಯದ ಸ್ಟಾಂಪು, ಜೊತೆಗೆ ಫೆಡರಲ್ ಡಕ್ ಸ್ಟಾಂಪು, ಅಂದರೆ ನೀರುಹಕ್ಕಿ ಬೇಟೆಗೆ ಕೇಂದ್ರ ಸರ್ಕಾರ ಕೊಡುವ, ಅಂಚೆಚೀಟಿಯ ಹಾಗಿರುವ ಪರವಾನಗಿ ಚೀಟಿ. ಈ ಡಕ್ ಸ್ಟಾಂಪು ನನಗೆ ತುಂಬಾ ಇಷ್ಟವಾಯಿತು. 1934ರಲ್ಲಿ ಶುರುವಾದದ್ದು. ಮೊದಲ ಚೀಟಿಯ ಚಿತ್ರ ಬರೆದವರು ಡಿಂಗ್ ಡಾರ್ಲಿಂಗ್ ಎಂಬ ವ್ಯಂಗ್ಯಚಿತ್ರಕಾರ. ಆಗ ಒಂದು ಡಾಲರ್, ಈಗ 25. ಆ ಹಣ ಹೋಗುವುದು ಜೌಗು ಪ್ರದೇಶಗಳನ್ನು ಕೊಂಡು ಉಳಿಸುವುದಕ್ಕೆ. ಬೇಟೆಗೆ ಒಯ್ಯುವ ಚೀಟಿಯ ಮೇಲೆ ಶಾಯಿಯಲ್ಲಿ ಸಹಿ ಹಾಕಬೇಕು, ಹಕ್ಕಿಯ ಚಿತ್ರದ ಮೇಲೆಯೇ. ಅಷ್ಟು ಚೆಂದದ ಚಿತ್ರದ ಮೇಲೆ ಗೀಚುವಾಗ ಕೈ ಹಿಂಜರಿಯಿತು.

ತರಗತಿಯಲ್ಲೇ ತಿಳಿದ ಇನ್ನೊಂದು ವಿಷಯ. ಕೆನಡಾ ಹೆಬ್ಬಾತಿನ ಬೇಟೆಯಲ್ಲಿ ರೆಕಾರ್ಡ್ ಮಾಡಿದ ದನಿ ಹಾಕುವುದು ಕಾನೂನಿಗೆ ವಿರುದ್ಧ. ಬಾಯಲ್ಲೇ ಊದಬೇಕು. ಜೀವಂತ ಬಾತು ಕಟ್ಟಿ ಆಸೆ ತೋರಿಸುವುದನ್ನು, ಕಾಳು ಚೆಲ್ಲಿ ಕರೆಯುವುದನ್ನು 1935ರಲ್ಲೇ ನಿಲ್ಲಿಸಿದರು. ಎಷ್ಟು ಸುಲಭವಾಗಿ ಮೋಸ ಮಾಡಬಹುದು ಎಂಬುದಕ್ಕೇ ಇಲ್ಲಿ ಕಡಿವಾಣ. ಹಾಗಾಗಿ ಮೋಸವನ್ನು ಕಷ್ಟಪಟ್ಟು ಕಲಿಯಬೇಕು. ನಾನು ಮಾಡುತ್ತಿದ್ದದ್ದು ಅದೇ.

ಬೇಸಿಗೆಯೆಲ್ಲ ನನ್ನ ಗುರು ಸಿಲ್ವರ್ ಲೇಕ್. ಪೀಪಿ ಮುಟ್ಟದೆ ಸುಮ್ಮನೆ ಕೂತು ಕೇಳುತ್ತಿದ್ದೆ. ಕೇಳುತ್ತಾ ಹೋದ ಹಾಗೆ ಹಾಂಕ್ ಅನ್ನುವುದು ಅವುಗಳ ಮಾತಿನಲ್ಲಿ ಬರೀ ಒಂದು ಪದ ಅಂತ ಗೊತ್ತಾಯಿತು. ಹತ್ತಿರ ಇದ್ದಾಗ ಅವು ಕೂಗುವುದೇ ಇಲ್ಲ. ಹುಲ್ಲು ಕೀಳುತ್ತಾ ಗುಜುಗುಜು ಅನ್ನುತ್ತವೆ. ಒಂದು ಜಗುಲಿಯ ಮೇಲೆ ನಾಲ್ಕು ಜನ ಅವರೆಕಾಯಿ ಸುಲಿಯುತ್ತಾ ಮಾತಾಡುವ ಹಾಗೆ. ಅದು ಮರ್ಮರ್. ಗಿಡ್ಡಗೆ, ಚುರುಕಾಗಿ ಬರುವುದು ಕ್ಲಕ್. ಎರಡು ಕ್ಲಕ್ ಬೆನ್ನಿಗೆ ಬೆನ್ನು ಅಂಟಿ ಬಂದರೆ ಡಬಲ್ ಕ್ಲಕ್, ಅದು ನನಗೆ ಇವತ್ತಿಗೂ ಹತ್ತರಲ್ಲಿ ಆರು ಸಲ ಬರುತ್ತದೆ. ಇಳಿಯುವ ಹಿಂಡಿಗೆ ಕೆಳಗಿನವು ಹೇಳುವ ಒರಟು ದನಿ ಇದೆ, ಲೇಡೌನ್ ಅಂತಾರೆ. ಇನ್ನೊಂದು ಕಮ್‌ಬ್ಯಾಕ್. ದೂರ ಹೋಗುತ್ತಿರುವುದನ್ನು ವಾಪಸ್ ಕರೆಯುವ ಉದ್ದನೆಯ, ಬೇಡಿಕೊಳ್ಳುವ ಕೂಗು. ಅದನ್ನು ನಾನು ಆಗಸ್ಟ್ ಪೂರ್ತಿ ಕೂತು ಕಲಿತೆ. ಚೆನ್ನಾಗಿ ಕಲಿತೆ. ಅಜ್ಜನೇ ತಲೆಯಾಡಿಸಿದರು, ಅವರಿಗೆ ಅರ್ಧ ಕಿವಿ ಕೇಳುವುದಿಲ್ಲ, ಆದರೂ.

ಸೆಪ್ಟೆಂಬರ್‌ನ ಮೊದಲ ಶನಿವಾರ. ಅಜ್ಜನ ಹಳೆಯ ಹೊಲ, ಓಟ್ಸ್ ಕೊಯ್ದ ಕೂಳೆ. ಬೆಳಗ್ಗೆ ಐದಕ್ಕೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು ಎರಡು ಡಜನ್ ಡಿಕಾಯ್ ಹರಡಿದೆವು. ಗಾಳಿ ನಮ್ಮ ಬೆನ್ನಿಗೆ ಬರುವ ಹಾಗೆ ಮಲಗಬೇಕು. ಹೆಬ್ಬಾತು ಗಾಳಿಗೆ ಎದುರಾಗಿ ಇಳಿಯುತ್ತದೆ, ಅಂದರೆ ನೇರ ನಮ್ಮ ಮುಖದ ಕಡೆ. ಇಳಿಯಲು ನಡುವೆ ಬಯಲು ಬಿಡಬೇಕು. ಲೇಔಟ್ ಬ್ಲೈಂಡ್ ಅಂದರೆ ಮಲಗುವ ಚೀಲ, ಮೇಲೆ ಕೂಳೆ ಸಿಕ್ಕಿಸಿರುತ್ತಾರೆ. ಮಲಗಿದರೆ ಹೆಣದ ಹಾಗೆ ಆಕಾಶ ನೋಡಿಕೊಂಡಿರಬೇಕು. ಮಗ ನನ್ನ ಬಲಕ್ಕೆ, ಅಜ್ಜ ಎಡಕ್ಕೆ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮುಂಚಿನಿಂದ ಗುಂಡು ಹಾರಿಸಬಹುದು. ಆದರೆ ಹಕ್ಕಿಗಳು ಗಡಿಯಾರ ನೋಡುವುದಿಲ್ಲ. ಆರೂವರೆ ತನಕ ಬರೀ ಸೊಳ್ಳೆ.

ಮೊದಲ ಹಿಂಡು ಒಂಬತ್ತು. ದೂರದಲ್ಲಿ ದನಿ ಕೇಳಿದ ಕೂಡಲೇ ನಾನು ಶುರು ಮಾಡಿದೆ. ಆರು ತಿಂಗಳ ಸಂಗೀತ ಎಲ್ಲ ಒಮ್ಮೆಗೇ. ಹಾಂಕ್, ಕ್ಲಕ್, ಮೋನ್, ಮತ್ತೆ ಹಾಂಕ್. ಅವು ತಿರುಗಿದವು. ಬಂದವು. ರೆಕ್ಕೆ ಬಾಗಿಸಿ ತೇಲಲು ಶುರು ಮಾಡಿದವು. ನಾನು ನಿಲ್ಲಿಸಲಿಲ್ಲ. ಅರವತ್ತು ಗಜ ದೂರದಲ್ಲಿ ಇದ್ದಕ್ಕಿದ್ದ ಹಾಗೆ ಒಂಬತ್ತೂ ಪಟಪಟ ರೆಕ್ಕೆ ಬಡಿದು ಮೇಲೆದ್ದು ಪಕ್ಕಕ್ಕೆ ಹೋದವು. ಇಲ್ಲಿನವರ ಮಾತಿನಲ್ಲಿ ಫ್ಲೇರ್ ಆದವು. ಅಜ್ಜ ಬ್ಲೈಂಡಿನಿಂದ ಕೈ ಚಾಚಿ ನನ್ನ ಪೀಪಿಯ ಬಾಯಿ ಮುಚ್ಚಿದರು. "ಬಾಲ ಕಂಡರೆ ಊದು. ಕೊಕ್ಕು ಕಂಡರೆ ಸುಮ್ಮನಿರು."

ಇದನ್ನು ಮೊದಲೇ ಹೇಳಬಾರದಿತ್ತೇ ಅಂತ ಸಿಟ್ಟು ಬಂತು. ಆದರೆ ಅದು ಸರಿ. ಬರುತ್ತಿರುವವರನ್ನು ಬಾ ಬಾ ಅಂತ ಕೂಗುತ್ತಲೇ ಇದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ದೂರ ಸರಿಯುವಾಗ, ತಿರುವಿನಲ್ಲಿ, ಮನಸ್ಸು ಎರಡಾದಾಗ ಒಂದು ಮಾತು ಬೇಕು, ಅಷ್ಟೇ.

ಏಳೂಕಾಲಿಗೆ ಐದು ಬಂದವು. ಕೆಳಗೆ, ನಿಧಾನಕ್ಕೆ. ಒಂದು ಸಲ ಹಾಂಕ್ ಅಂದೆ, ಅವುಗಳಲ್ಲಿ ಒಂದು ಉತ್ತರ ಕೊಟ್ಟಿತು. ನನಗೆ. ಅದು ನನಗೇ ಕೊಟ್ಟ ಉತ್ತರ, ಅದರಲ್ಲಿ ಅನುಮಾನ ಇರಲಿಲ್ಲ. ಮೈ ಜುಂ ಅಂತು. ಹೊಲದ ಮೇಲೆ ದಾಟಿ ಬಾಲ ತೋರಿಸಿದವು. ಎರಡು ಕ್ಲಕ್. ತಿರುಗಿದವು. ಕೊಕ್ಕು ಕಂಡಿತು. ಸುಮ್ಮನಾದೆ. ಬಹಳ ಹತ್ತಿರ ಬಂದಾಗ ಬೊಗಸೆ ಮುಚ್ಚಿ ಮರ್ಮರ್, ಆಮೇಲೆ ಲೇಡೌನ್. ಐದೂ ಕಾಲು ಇಳಿಬಿಟ್ಟವು. ಕರಿ ಪಾದಗಳ ಪೊರೆ ಕಾಣುತ್ತಿತ್ತು. ಗಾಳಿಯಲ್ಲಿ ನಿಂತ ಹಾಗೆ, ಮೂವತ್ತು ಗಜ.

ಮಗ ಎದ್ದು ಕೂತ. ಮೊದಲ ಗುಂಡು ತಪ್ಪಿತು. ಎರಡನೆಯದು ತಪ್ಪಲಿಲ್ಲ.

ಬಿದ್ದ ಸದ್ದು ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಅಕ್ಕಿ ಮೂಟೆ ಇಳಿಸಿದ ಹಾಗೆ. ಮಗ ಬಂದೂಕಿನ ಸೇಫ್ಟಿ ಹಾಕಿ, ಕೆಳಗಿಟ್ಟು, ತರಗತಿಯಲ್ಲಿ ಹೇಳಿದ ಹಾಗೆಯೇ ಎಲ್ಲ ಮಾಡಿ, ಆಮೇಲೆ ನನ್ನ ಕಡೆ ತಿರುಗಿದ. ಮುಖ ಬಿಳುಚಿತ್ತು, ಖುಷಿಯೂ ಇತ್ತು. "ಅಮ್ಮ, ನೀನು ಕರೆದೆ!" ಅಂದ.

ಅಷ್ಟರಲ್ಲಿ ಹೋದ ನಾಲ್ಕರಲ್ಲಿ ಒಂದು ಬೇರೆಯಾಯಿತು. ಹೊಲದ ಅಂಚಿನ ಮರಗಳ ಮೇಲೆ ಸುತ್ತು ಹಾಕಿ ವಾಪಸ್ ಬಂತು. ಎತ್ತರದಲ್ಲಿ ಸುತ್ತುತ್ತಾ ಕೂಗಿತು. ಉದ್ದನೆಯ, ಎಳೆದು ಎಳೆದು ಕರೆಯುವ ಕೂಗು. ನನಗೆ ಆ ಕೂಗು ಗೊತ್ತಿತ್ತು. ಆಗಸ್ಟ್ ಪೂರ್ತಿ ಕೂತು ಕಲಿತಿದ್ದೆ. ಎಲ್ಲಿ ಕೆಳದನಿ, ಎಲ್ಲಿ ಮುರಿಯುತ್ತದೆ, ಬಾಲ ಎಷ್ಟು ಉದ್ದ, ಎಲ್ಲ ಗೊತ್ತಿತ್ತು. ಹೆಬ್ಬಾತುಗಳು ಸಾಮಾನ್ಯವಾಗಿ ಬದುಕಿಡೀ ಒಂದೇ ಜೋಡಿ. ಅದನ್ನೂ ಎಲ್ಲೋ ಓದಿದ್ದೆ.

ಅಜ್ಜ ನನ್ನ ಪೀಪಿಯ ಕಡೆ ಗಲ್ಲ ಎತ್ತಿ ತೋರಿಸಿದರು. ಒಂದು ಉತ್ತರ ಕೊಟ್ಟರೆ ಅದು ಇಳಿಯುತ್ತದೆ. ನಾನು ಊದಲಿಲ್ಲ. ಅವರು ಇನ್ನೊಂದು ಸಲ ಹೇಳಲೂ ಇಲ್ಲ, ಬಂದೂಕು ಎತ್ತಲೂ ಇಲ್ಲ. ಅದು ಮೂರು ಸುತ್ತು ಹಾಕಿ ಹೋಯಿತು.

ಬಂದೂಕು ಮುಟ್ಟುವುದಿಲ್ಲ ಅಂತ ಷರತ್ತು ಹಾಕಿದವಳು ನಾನು. ಆದರೆ ಆ ಐದು ಹಕ್ಕಿಗಳು ಬೇರೆ ಎಲ್ಲೋ ಹೋಗುತ್ತಿದ್ದವು. ಮಗನ ಕೈಯಲ್ಲಿ ಬಂದೂಕು ಇದ್ದದ್ದು ಅವಕ್ಕೆ ಏನೂ ಅಲ್ಲ. ಅವನ್ನು ತಿರುಗಿಸಿದ್ದು ನನ್ನ ಎರಡು ಕ್ಲಕ್. ಇದನ್ನು ಅಜ್ಜನಿಗೆ ಹೇಳಿದೆ, ಟ್ರಕ್ಕಿನಲ್ಲಿ ವಾಪಸ್ ಬರುವಾಗ. "ಮತ್ತೆ ಪೀಪಿ ಅಂದರೆ ಏನು ಅಂದುಕೊಂಡಿದ್ದೆ?" ಅಂದರು. ಕೊಂಕಿಲ್ಲ, ನಿಜವಾಗಿ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಅದಾದ ಮೇಲೆ ಬಿಟ್ಟುಬಿಟ್ಟೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಮೂರು ಸಲ ಹೋದೆ. ಆ ಹಕ್ಕಿಯ ಎದೆಮಾಂಸವನ್ನು ಅಜ್ಜ ಒಣಗಿಸಿ ಜರ್ಕಿ ಮಾಡಿ ಕೊಟ್ಟರು, ಕಪ್ಪಗೆ, ಕುರಿಮಾಂಸದ ಹತ್ತಿರದ ರುಚಿ, ತಿಂದೆ ಕೂಡ. ಒಂದೇ ಬದಲಾವಣೆ. ಗುಂಡು ಹಾರಿದ ಮೇಲೆ ಕಮ್‌ಬ್ಯಾಕ್ ಊದುವುದಿಲ್ಲ. ಉಳಿದದ್ದೆಲ್ಲ ಊದುತ್ತೇನೆ. ಇದರಲ್ಲಿ ತರ್ಕ ಇಲ್ಲ ಅಂತ ಗಂಡ ಹೇಳಿದ. ಇರಲಿಕ್ಕಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳುವುದಕ್ಕೆ ನವೆಂಬರ್ ತನಕ ಧೈರ್ಯ ಬರಲಿಲ್ಲ. ಬಾತಿನ ಹಾಗೆ ಕೂಗಲು ಕಲಿತಿದ್ದೇನೆ ಅಂತಷ್ಟೇ ಹೇಳಿದೆ. "ಎಲ್ಲಿ, ಕೂಗು" ಅಂದಳು. ಊದಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಅಕಾರ ಸರಿಯಾಗಿ ಬಂತಲ್ಲೇ" ಅಂದಳು. ಅವಳು ಹೇಳಿದ್ದು ಹಕಾರ. ನಮ್ಮ ಮನೆಯಲ್ಲಿ ಅದಕ್ಕೂ ಹ ಇಲ್ಲ.

ಡಿಸೆಂಬರ್‌ನಲ್ಲಿ ಚಳಿ ಬಿದ್ದ ಮೇಲೆ ಎಂಜಲು ರೀಡಿನ ಮೇಲೆ ಹೆಪ್ಪುಗಟ್ಟುತ್ತದೆ. ಪೀಪಿಯನ್ನು ಜಾಕೆಟ್ಟಿನೊಳಗೆ ಎದೆಗೆ ತಾಗಿಸಿ ಇಟ್ಟುಕೊಳ್ಳಬೇಕು. ಹೋದ ವಾರ ಮಗನನ್ನು ಈಜು ತರಗತಿಯಿಂದ ಕರೆದುಕೊಂಡು ಬರುವಾಗ ಸಿಲ್ವರ್ ಲೇಕ್ ಪಕ್ಕ ಕಾರು ನಿಲ್ಲಿಸಿದೆ. ಮಂಜಿನ ಅಂಚಿನಲ್ಲಿ ಹತ್ತಿಪ್ಪತ್ತು ಕೂತಿದ್ದವು. ಅದರಲ್ಲೊಂದು ಮುದಿ ಗಂಡು, ಕತ್ತು ನೆಲಕ್ಕೆ ಚಾಚಿ ಒಂದು ದನಿ ತೆಗೆಯುತ್ತಿತ್ತು. ಮೋನ್ ಅಲ್ಲ, ಕ್ಲಕ್ ಅಲ್ಲ. ಎರಡರ ನಡುವೆ ಏನೋ, ಕೊನೆಯಲ್ಲಿ ಸಣ್ಣ ಗೊಗ್ಗರು. ನಾನು ಕೇಳಿದ ಯಾವ ಪಾಠದಲ್ಲೂ ಅದು ಇರಲಿಲ್ಲ. ಕಿಟಕಿ ಏರಿಸಿ ಪೀಪಿ ತೆಗೆದೆ. ಘೂ. ಅಲ್ಲ. ಬೊಗಸೆ ಇನ್ನಷ್ಟು ಬಿಗಿ. ಘ್ರೂ. ಹತ್ತಿರ ಬಂತು. ಇನ್ನೊಂದು ಸಲ.

"ಅಮ್ಮ," ಹಿಂದಿನ ಸೀಟಿನಿಂದ ಮಗ ಅಂದ, "ಗಾಜೆಲ್ಲ ಮಂಜಾಯ್ತು. ಡಿಫ್ರಾಸ್ಟ್ ಹಾಕು."